ಕೋಟೆಯ ಕೆಳಗಿನ ಹೊಸ್ತಿಲು

ಏಪ್ರಿಲ್ 27, ಶನಿವಾರ

ಒಬ್ಬ ಮುದುಕಿಯನ್ನು ಅವಳ ಮನೆಯಿಂದ ಓಡಿಸಲು ನೋಡುತ್ತಿದ್ದಾರೆ. ಮೂರು ರಾತ್ರಿ ಮಲಗಿ ಎದ್ದು ಹೋಗುವವರಿಗೆ ಆ ಮನೆ ಬೇಕಾಗಿದೆ. ಇದಕ್ಕೆ ಕಳ್ಳತನ ಎಂದೇ ಹೆಸರು. ಬೇರೆ ಹೆಸರು ಕೊಡುವವರೆಲ್ಲ ಕಳ್ಳನ ಕಡೆಯವರು.

ಮುದುಕಿ ನನ್ನ ಅಜ್ಜನ ತಂಗಿ ಎರ್ಮೀನಿಯ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ತೀಯ, ಅಂದರೆ ಅತ್ತೆ, ಎನ್ನುತ್ತೇವೆ. ಎಪ್ಪತ್ತೆಂಟು ವಯಸ್ಸು. ಹುಡುಗಿಯಾಗಿದ್ದಾಗಲೇ ನಮ್ಮೂರು ಸೆರ್ಪದಿಂದ ಲಿಸ್ಬನ್ನಿಗೆ ಮನೆಗೆಲಸಕ್ಕೆ ಬಂದವರು. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಅರ್ಮಿಂದೊನನ್ನು ಮದುವೆಯಾಗಿ ಕೋಟೆಯ ಕೆಳಗಿನ ಹಳೇ ಕೇರಿ ಅಲ್ಫಾಮದ ಈ ಸಂದಿಗೆ ಬಂದರು. ಐವತ್ತು ವರ್ಷ ದಾಟಿತು, ಇದೇ ನೆಲಮಹಡಿಯ ಬಾಡಿಗೆ ಮನೆ. ಮಕ್ಕಳಿಲ್ಲ, ಗಂಡ ಸತ್ತಿದ್ದಾನೆ. ಮೇಲಿನ ಮಹಡಿಗಳಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿದರು. ಈಗ ಅಲ್ಲಿ ಪ್ರವಾಸಿಗಳು ಅಂಕಿ ಒತ್ತಿ ಬೀಗದ ಕೈ ತೆಗೆದುಕೊಳ್ಳುವ ಡಬ್ಬಿ, ದಿನಕ್ಕೊಂದು ಭಾಷೆ.

ನಾನು ಬಂದು ಎರಡು ವಾರ. ಹಿಂದಿನ ಕೋಣೆ ನನಗೆ. ಬರುವಾಗ ಒಂದು ಸೂಟ್‌ಕೇಸು ಬಟ್ಟೆ, ಅಜ್ಜನ ಟ್ರಂಕಿನಿಂದ ಒಂದು ಕಟ್ಟು ಕರಪತ್ರ ತಂದಿದ್ದೇನೆ. ಉಳುವವರು ಜಮೀನ್ದಾರರ ಹೊಲಕ್ಕೆ ಟ್ರ್ಯಾಕ್ಟರ್ ನುಗ್ಗಿಸಿದ ಕಾಲದವು, ಹಳದಿಯಾಗಿವೆ. ಕಾಲೇಜು ನನಗೆ ಸಿಗಲಿಲ್ಲ, ಇವು ಸಿಕ್ಕವು. ಕಾಲೇಜು ಕಲಿತವರಿಗಿಂತ ನನಗೆ ಕಣ್ಣು ನೆಟ್ಟಗಿದೆ.

ಮೊನ್ನೆ, ಸರ್ವಾಧಿಕಾರ ಉರುಳಿದ ಕ್ರಾಂತಿಯ ದಿನದ ಮೆರವಣಿಗೆಗೆ ಹೋಗಿದ್ದೆ. ಪ್ರವಾಸಿಗಳೂ ಕ್ರಾಂತಿಯ ಹೂವಾದ ಕೆಂಪು ಕಾರ್ನೇಶನ್ ಕೊಂಡು ಕಿವಿಗೆ ಸಿಕ್ಕಿಸಿಕೊಂಡಿದ್ದರು. ಒಬ್ಬಳು ನಾನು ಎತ್ತಿದ ಮುಷ್ಟಿಯ ಫೋಟೊ ತೆಗೆದು ಥ್ಯಾಂಕ್ಯೂ ಅಂದಳು.

ಏಪ್ರಿಲ್ 30

ಕೆಲಸ ಸಿಕ್ಕಿದ್ದು ಲಾಂಡ್ರಿಯಲ್ಲಿ. ಪ್ರವಾಸಿ ಮನೆಗಳ ಬೆಡ್‌ಶೀಟು ಒಗೆದು, ಇಸ್ತ್ರಿ ಮಾಡಿ, ಮಡಚಿ, ಕಟ್ಟಿಗೆ ವಿಳಾಸದ ಚೀಟಿ ಕಟ್ಟಿ ಕಳಿಸುವುದು. ಶತ್ರುವಿನ ಹಾಸಿಗೆ ಹಾಸುವುದು ಎಂದೂ ಹೇಳಬಹುದು. ತೀಯಗೆ ಹಾಗೇ ಹೇಳಿದೆ.

"ಹಾಸಿಗೆ ಯಾರ್ದಾದ್ರೇನೇ," ಅಂದರು ತೀಯ. "ಮೂಲೆ ಸರಿಯಾಗಿ ಸೇರಿಸ್ತೀಯಾ? ನಾನು ನಲವತ್ತು ವರ್ಷ ದೊಡ್ಡೋರ ಮನೇಲಿ ಶೀಟು ಮಡಚಿದೀನಿ. ಒಂದು ಮೂಲೆ ಸೊಟ್ಟ ಇದ್ರೆ ನಂಗೆ ನಿದ್ದೆ ಬರ್ತಿರ್ಲಿಲ್ಲ."

ಇದನ್ನೇ ಗುಲಾಮಿ ಮನಸ್ಸು ಎನ್ನುವುದು. ನಾನು ಒಂದು ಮೂಲೆಯನ್ನು ಬೇಕೆಂದೇ ಸೊಟ್ಟಗೆ ಮಡಚುತ್ತೇನೆ.

ಮೇ 5, ಭಾನುವಾರ

ಬೆಳಿಗ್ಗೆಯಿಂದ ಸೂಟ್‌ಕೇಸಿನ ಗಾಲಿಗಳು. ಕಲ್ಲು ಹಾಸಿನ ಮೆಟ್ಟಿಲ ಮೇಲೆ ಟಕಟಕಟಕ. ಈ ಸಂದಿಯಲ್ಲಿ ಮಕ್ಕಳು ಅಳುವುದು ಕೇಳುವುದಿಲ್ಲ, ಗಾಲಿಗಳೇ ಕೇಳುತ್ತವೆ.

ಹನ್ನೊಂದಕ್ಕೆ ತೀಯ ಹೊಸ್ತಿಲ ಮೇಲೆ ಪುಟ್ಟ ಮೇಜು ಇಟ್ಟರು. ಮೇಲೆ ಕ್ರೋಶಾ ಬಟ್ಟೆ, ಒಂದು ಬಾಟಲಿ ಜಿಂಜ, ಬೆರಳುದ್ದದ ಲೋಟಗಳು, ಒಂದು ತಟ್ಟೆ. ಜಿಂಜ ಮನೆಯಲ್ಲೇ ಮಾಡಿದ್ದು. ಹುಳಿ ಚೆರ್ರಿಯನ್ನು ಸಾರಾಯಿ, ಸಕ್ಕರೆಯಲ್ಲಿ ತಿಂಗಳುಗಟ್ಟಲೆ ನೆನೆಸಿಡುತ್ತಾರೆ. ಎದುರು ಮನೆಯ ದೋನ ಇದಲೀನ, ಅಂದರೆ ಇದಲೀನಮ್ಮ, ಕೂಡ ಮೇಜು ಹಾಕಿದರು. ಆಚೆಗೆ ಇನ್ನೂ ನಾಲ್ಕು ಹೊಸ್ತಿಲು. ಪ್ರವಾಸಿಗಳು ಬಗ್ಗಿ ಕುಡಿದು, ಮುಖ ಹುಳ್ಳಗೆ ಮಾಡಿ ನಗುತ್ತಾ ಹೋಗುತ್ತಾರೆ.

"ಎರ್ಮೀನಿಯ, ನಿನ್ನ ಜಿಂಜಕ್ಕೆ ಸಕ್ಕರೆ ಜಾಸ್ತಿ ಕಣೇ, ಇರುವೆ ಕುಡಿಯೋಕೆ ಮಾಡಿದೀಯಾ?" ಇದಲೀನ ಕೂತಲ್ಲಿಂದಲೇ ಕೂಗಿದರು.

"ನಿಂದು ಕುಡಿದೋರು ಸೀದಾ ಆಸ್ಪತ್ರೆ ಎಲ್ಲಿ ಅಂತ ಕೇಳ್ತಾರಲ್ಲ, ಮೊದ್ಲು ಅವರಿಗೆ ದಾರಿ ತೋರ್ಸು."

ಇದು ಅವರಿಬ್ಬರ ಪ್ರತಿ ಭಾನುವಾರದ ಪ್ರಾರ್ಥನೆ.

"ದಿನಕ್ಕೆ ಎಷ್ಟು ಲೋಟ ಮಾರ್ತೀರಿ ತೀಯ?" ಎಂದು ಕೇಳಿದೆ.

ಆಚೆಯ ಹೊಸ್ತಿಲವರು ಬೇರೆ ಕಡೆ ನೋಡಿದರು. ಇದಲೀನ ತಮ್ಮ ಬಾಟಲಿ ಒರೆಸತೊಡಗಿದರು.

"ಮಾರೋದು ಅನ್ಬೇಡ," ತೀಯ ದನಿ ತಗ್ಗಿಸಿದರು. "ಬಾಯಾರಿ ಮೆಟ್ಟಿಲು ಹತ್ಕೊಂಡು ಬಂದೋರಿಗೆ ನಾವು ಕೊಡ್ತೀವಿ. ಅವರು ತಟ್ಟೇಲಿ ಏನೋ ಇಟ್ಟು ಹೋಗ್ತಾರೆ. ಎಷ್ಟು ಅಂತ ಯಾರೂ ಕೇಳಲ್ಲ, ನಾವೂ ಹೇಳಲ್ಲ."

"ಅದಕ್ಕೇ ಮಾರೋದು ಅನ್ನೋದು."

"ನಿಮ್ಮ ಸೆರ್ಪದಲ್ಲಿ ಅನ್ನಬಹುದು. ಇಲ್ಲಿ ಕೊಡೋದು."

ನಾಚಿಕೆ. ಬಡವರಿಗೆ ತಮ್ಮ ದುಡಿಮೆಯ ಹೆಸರು ಹೇಳಲೂ ನಾಚಿಕೆ ಕಲಿಸಿದ್ದಾರೆ. ವಸ್ತುಗಳನ್ನು ಅವುಗಳ ಹೆಸರಿನಿಂದ ಕರೆಯುವುದೇ ಮೊದಲ ಹೋರಾಟ ಎಂದು ಅಜ್ಜನ ಕರಪತ್ರದಲ್ಲಿದೆ.

ಮೇ 18

ಮನೆಯ ಒಡೆಯನ ಕಡೆಯಿಂದ ವಲಾದಸ್ ಎಂಬವನು ಬಂದಿದ್ದ. ತೆಳು ಮೀಸೆ, ಒಳ್ಳೆಯ ಬೂಟು, ಕೈಯಲ್ಲಿ ಕಸ್ಟರ್ಡ್ ತುಂಬಿದ ಬಿಸ್ಕತ್ತಿನ ಪೊಟ್ಟಣ. ತೀಯ ಅವನಿಗೆ ಕಾಫಿ ಮಾಡಿಕೊಟ್ಟರು! ನಾನು ಅಡಿಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತೆ.

"ದೋನ ಎರ್ಮೀನಿಯ, ನಿಮ್ಮ ಮಂಡಿಗೆ ಈ ಮೆಟ್ಟಿಲ ದಾರಿ ಒಳ್ಳೇದಲ್ಲ," ಅಂದ. "ಒಡೆಯರು ಒಳ್ಳೇ ಪರಿಹಾರ ಕೊಡ್ತಾರೆ. ಲಿಫ್ಟು ಇರೋ ಮನೆ ನೋಡ್ಕೊಬಹುದು."

"ನೆಲಮಹಡಿಗೆ ಲಿಫ್ಟು ಯಾಕಪ್ಪ," ಅಂದರು ತೀಯ. "ಇನ್ನೊಂದು ಬಿಸ್ಕತ್ತು ತಗೋ. ಬಡಕಲಾಗಿದೀಯ."

ಅವನು ಹೋದ ಮೇಲೆ ತೀಯ ನಕ್ಕರು. ಅರವತ್ತೈದು ದಾಟಿದ, ಬಹಳ ಕಾಲದಿಂದ ಇರುವ ಬಾಡಿಗೆದಾರರನ್ನು ಕಾರಣವಿಲ್ಲದೆ ಎಬ್ಬಿಸುವಂತಿಲ್ಲ ಎಂದು ಬಾಡಿಗೆದಾರರ ಸಂಘದ ವಕೀಲೆ ಹೇಳಿದ್ದಾರಂತೆ. "ನಾನು ಏನೂ ಮಾಡ್ಬೇಕಾಗಿಲ್ಲ. ಸುಮ್ನೆ ಕೂತಿದ್ರೆ ಸಾಕು. ಅವನು ಬಿಸ್ಕತ್ತು ತಂದೂ ತಂದೂ ಬೇಜಾರಾಗಿ ಬಿಡ್ತಾನೆ."

ಸುಮ್ಮನೆ ಕೂರುವುದು! ಮೇಲಿನ ಮನೆಗಳವರೂ ಸುಮ್ಮನೆ ಕೂತಿದ್ದವರೇ. ಒಬ್ಬಳು ಸುಮ್ಮನಿದ್ದು ಉಳಿದರೆ ಅದು ಅದೃಷ್ಟ. ಎಲ್ಲರೂ ಕೂಗಿ ಉಳಿದರೆ ಅದು ನ್ಯಾಯ. ಈ ಸಾಲು ಚೆನ್ನಾಗಿದೆ. ಎಲ್ಲಾದರೂ ಬಳಸಬೇಕು.

ಮೇ 26

ತೀಯ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೋಟೆಗೆ ಹೋಗಿಲ್ಲವಂತೆ. ಕಿಟಕಿಯಿಂದ ಕತ್ತೆತ್ತಿದರೆ ಕಾಣುವ ಕೋಟೆ! ಪ್ರಪಂಚವೆಲ್ಲ ಟಿಕೆಟ್ ಕೊಂಡು ಹತ್ತುತ್ತದೆ.

"ಊರವರಿಗೆ ಪುಕ್ಕಟೆ ತೀಯ. ವಿಳಾಸ ತೋರಿಸಿದ್ರೆ ಸಾಕು, ಒಳಗೆ ಬಿಡ್ತಾರೆ."

"ಪುಕ್ಕಟೆ ಅಂದ್ಮೇಲೆ ಅವಸರ ಏನು? ನಾನು ಬರೋ ಮುಂಚಿಂದ ಅಲ್ಲೇ ಇದೆ. ಎಲ್ಲಿ ಓಡಿಹೋಗತ್ತೆ?"

ಜೂನ್ 2, ಭಾನುವಾರ

ಕರಪತ್ರ ಬರೆದು ಮುಗಿಸಿದೆ. ನಾಲ್ಕು ಸಲ ತಿದ್ದಿದೆ. ನನ್ನ ಕೈಯಿಂದ ಇಷ್ಟು ಚೆನ್ನಾಗಿ ಬಂದದ್ದು ಇದೇ ಮೊದಲು. "ದೋನ ಎರ್ಮೀನಿಯ ಈ ಸಂದಿಯ ಹೊಸ್ತಿಲಲ್ಲಿ ಕೂತು, ದಿನವೂ ನಿಮಗೆ ಜಿಂಜ ಮಾರಿ, ಅದರಿಂದ ಬಂದದ್ದರಲ್ಲಿ ಬಾಡಿಗೆ ಕಟ್ಟುತ್ತಾಳೆ. ನೀವು ಕುಡಿಯುವುದು ಅವಳ ಬೆವರು. ನೀವು ಮಲಗುವುದು ಅವಳ ನೆರೆಯವರ ಹಾಸಿಗೆಯಲ್ಲಿ." ಮೇಲೆ ಸಂದಿಯ ಹೆಸರು, ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷು.

ತೀಯಗೆ ಓದಿ ಹೇಳಿದೆ. ಅವರು ಬಟಾಣಿ ಬಿಡಿಸುತ್ತಿದ್ದರು. ಅರ್ಧದಲ್ಲೇ ತಡೆದರು.

"ಚೆನ್ನಾಗಿದೆ. ನಿಮ್ಮಜ್ಜನೂ ಹೀಗೇ ಬರೀತಿದ್ದ, ಓದಿದ್ರೆ ತಲೆ ಬಿಸಿಯಾಗೋದು. ಆದ್ರೆ ನನ್ನ ಹೆಸರು ಹಾಕ್ಬೇಡ ಮಗಳೇ. ಹೊಸ್ತಿಲ ಮಾತೂ ಬೇಡ."

"ಹೆಸರಿಲ್ದೆ ಇದ್ರೆ ಯಾರಿಗೆ ತಟ್ಟತ್ತೆ?"

"ನಂಗೆ ಯಾರಿಗೂ ತಟ್ಟೋದು ಬೇಡ. ಬಟಾಣಿ ತಿನ್ನು."

ಹೆಸರಿಲ್ಲದ ಅನ್ಯಾಯ ಬರೀ ಗಾಳಿಮಾತು. ಭಯ ಅವರದು, ಅದು ನನಗೆ ಅರ್ಥವಾಗುತ್ತದೆ. ಭಯಪಟ್ಟವರ ಪರವಾಗಿ ಮಾತಾಡಲೆಂದೇ ನಾವು ಇರುವುದು. ಹೆಸರು ಹಾಗೇ ಬಿಟ್ಟೆ.

ಜೂನ್ 12, ಬುಧವಾರ

ಇಂದು ಸಂತ ಅಂತೋನಿಯ ಹಬ್ಬದ ಹಿಂದಿನ ರಾತ್ರಿ. ಸಂದಿಯ ತುಂಬ ಬಣ್ಣದ ಕಾಗದದ ತೋರಣ, ಬಾಗಿಲಿಗೊಂದು ಒಲೆ, ಬೂತಾಯಿ ಮೀನಿನ ಹೊಗೆಗೆ ಕಣ್ಣು ಬಿಡಲಾಗುವುದಿಲ್ಲ. ಕಾಮಕಸ್ತೂರಿಯ ಪುಟ್ಟ ಕುಂಡಗಳು ಎಲ್ಲ ಕಿಟಕಿಯಲ್ಲೂ. ನಾನು ತೀಯರ ಕುಂಡಕ್ಕೆ ಮೂಗು ಹಚ್ಚಿದೆ.

"ಅಯ್ಯೋ, ಮೂಗು ಇಡ್ತಾಳೆ!" ಇದಲೀನ ಒಲೆ ಬಿಟ್ಟು ಎದ್ದೇಬಿಟ್ಟರು. "ಒಣಗಿಹೋಗತ್ತೆ ಕಣೇ. ಅಂಗೈಯಿಂದ ಮೆಲ್ಲಗೆ ಮುಟ್ಟಿ ಅಂಗೈ ಮೂಸ್ಬೇಕು. ಪರದೇಶಿಗಳ ಹಾಗೆ ಮಾಡ್ತೀಯಲ್ಲ."

"ಸೆರ್ಪದಿಂದ ಬಂದೋಳು, ಬಿಡು," ಅಂದರು ತೀಯ. "ನಾನೂ ಬಂದ ವರ್ಷ ಒಂದು ಗಿಡ ಕೊಂದಿದ್ದೆ."

ತೀಯ ಅರ್ಮಿಂದೊನ ಹಳೆ ಟೋಪಿ ಹಾಕಿಕೊಂಡು ಇದಲೀನರ ಜೊತೆ ಕುಣಿದರು. ಮಂಡಿ ನೋವು ಎಲ್ಲಿ ಹೋಗಿತ್ತೋ. ಒಂದು ಕ್ಷಣ ನಾನೂ ಎಲ್ಲ ಮರೆತಿದ್ದೆ. ಮರೆಯಬಾರದಿತ್ತು.

ಏಕೆಂದರೆ ಈ ವಾರ ನಾನು ಕೆಲಸ ಮಾಡಿದ್ದೇನೆ. ಲಾಂಡ್ರಿಯಿಂದ ಹಬ್ಬಕ್ಕೆ ಹೋದ ಪ್ರತಿ ಕಟ್ಟಿನಲ್ಲೂ, ಮಡಚಿದ ಬೆಡ್‌ಶೀಟಿನ ನಡುವೆ, ಒಂದೊಂದು ಕರಪತ್ರ. ಇಂದು ರಾತ್ರಿ ಈ ಊರಿನ ನೂರಾರು ಹಾಸಿಗೆಗಳಲ್ಲಿ ಎರ್ಮೀನಿಯ ಎಂಬ ಹೆಸರು ಬಿಚ್ಚಿಕೊಳ್ಳುತ್ತದೆ.

ಜೂನ್ 19

ಪ್ರವಾಸಿ ಮನೆಗಳ ಒಡೆಯರಿಂದ ಲಾಂಡ್ರಿಯ ಯಜಮಾನನಿಗೆ ದೂರು ಬಂದಿದೆ. ಕರಪತ್ರ ಇಟ್ಟದ್ದು ಯಾರೆಂದು ಕೇಳಿದ. ಯಾರೂ ಹೇಳಲಿಲ್ಲ. ಬೇಸಿಗೆಯಲ್ಲಿ ಕೆಲಸಕ್ಕೆ ಜನ ಸಿಗುವುದಿಲ್ಲ, ಹಾಗಾಗಿ ಯಾರನ್ನೂ ತೆಗೆಯಲಿಲ್ಲ. ಅವರು ಹೆದರಿದ್ದಾರೆ. ನನ್ನ ಮಾತು ತಟ್ಟಿದೆ.

ಜುಲೈ 4, ಗುರುವಾರ

ರಿಜಿಸ್ಟರ್ ಟಪಾಲು ಬಂತು. ಒಡೆಯನ ವಕೀಲನದು. ವಾಸಕ್ಕೆಂದು ಕೊಟ್ಟ ಮನೆಯಲ್ಲಿ ಬಾಡಿಗೆದಾರಳು ಬಹುಕಾಲದಿಂದ ವ್ಯಾಪಾರ ನಡೆಸುತ್ತಿದ್ದಾಳೆ, ಇದು ಕರಾರಿನ ಉಲ್ಲಂಘನೆ, ಮನೆ ಖಾಲಿ ಮಾಡಬೇಕು. ಆಧಾರವೆಂದು ನನ್ನ ಕರಪತ್ರದ ಪ್ರತಿ ಲಗತ್ತಿಸಿದ್ದಾರೆ. ಒಂದು ವಾಕ್ಯದ ಕೆಳಗೆ ಗೆರೆ ಎಳೆದಿದ್ದಾರೆ.

ಸಂಘದ ವಕೀಲೆಯ ಬಳಿ ಹೋದೆವು. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

"ಇದನ್ನ ಬರೆದೋರು ಯಾರು?"

"ನಾನು."

"ಇದೇ ಮನೇಲಿ ಇರೋದಾ?"

"ಹೌದು."

"ನಮ್ಮ ಹತ್ರ ಕಾನೂನು ಇತ್ತು. ಒಡೆಯರಿಗೆ ಕಾರಣ ಒಂದು ಬೇಕಿತ್ತು." ಅವರು ಕಾಗದವನ್ನು ನನ್ನ ಕಡೆ ತಿರುಗಿಸಿ ಇಟ್ಟರು. "ಮೂರು ವರ್ಷದಿಂದ ಹುಡುಕ್ತಿದ್ರು."

ಆದರೆ ತಪ್ಪು ಕಾನೂನಿನದು. ಒಬ್ಬ ಮುದುಕಿ ಹೊಸ್ತಿಲಲ್ಲಿ ಲೋಟ ಇಟ್ಟರೆ ವ್ಯಾಪಾರ, ಮೂರು ಮಹಡಿಯನ್ನು ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟರೆ ಅದು ಆತಿಥ್ಯ! ವಕೀಲೆಗೆ ಇದನ್ನೇ ಹೇಳಿದೆ. ಹೌದು ಅಂದರು. ಹೌದು ಅಂದು ಕಾಗದ ಮಡಚಿ ತೀಯಗೆ ಕೊಟ್ಟರು.

ಬರುವಾಗ ಟ್ರಾಮಿನಲ್ಲಿ ಕೂರಲು ಜಾಗವಿರಲಿಲ್ಲ. ಪ್ರವಾಸಿಗಳು ತುಂಬಿದ್ದರು. ತೀಯ ಕಂಬ ಹಿಡಿದು ನಿಂತಿದ್ದರು.

ಜುಲೈ 6, ಶನಿವಾರ

ಸಂದಿಯಲ್ಲಿ ಒಂದೂ ಮೇಜಿಲ್ಲ. ಎಲ್ಲ ಹೊಸ್ತಿಲೂ ಬೋಳು. ಪ್ರವಾಸಿಗಳು ಫೋನು ನೋಡುತ್ತಾ ಬಂದು, ಹುಡುಕಿ, ವಾಪಸು ಹೋಗುತ್ತಾರೆ.

ನೀರಿನ ಕೊಡ ತೊಳೆಯುತ್ತಿದ್ದ ಇದಲೀನಗೆ ನಮಸ್ಕಾರ ಹೇಳಿದೆ. ಅವರು ನೀರನ್ನು ನನ್ನ ಕಾಲ ಪಕ್ಕಕ್ಕೆ ಚೆಲ್ಲಿದರು.

"ನಮ್ಮ ಒಡೆಯರೂ ಓದಿರ್ತಾರಾ ಅದನ್ನ?"

"ನಿಮ್ಮ ಹೆಸರಿಲ್ಲ ಅದರಲ್ಲಿ."

"ಸಂದಿಯ ಹೆಸರಿದೆಯಲ್ಲ. ಸಾಕಲ್ಲ." ಸೊಂಟಕ್ಕೆ ಕಟ್ಟಿದ ಏಪ್ರನ್ನಿಗೆ ಕೈ ಒರೆಸಿಕೊಂಡರು. "ನೀನು ಬಂದೆ. ನೋಡ್ದೆ. ಬರ್ಕೊಂಡೆ. ಮೇಲಿನ ಮನೆಯೋರೂ ಅಷ್ಟೇ ಮಾಡೋದು. ಅವರಾದ್ರೂ ತಟ್ಟೇಲಿ ಏನೋ ಇಟ್ಟು ಹೋಗ್ತಾರೆ."

ಇಂಥ ಮಾತಿಗೆ ಉತ್ತರ ಇದೆ. ಅಜ್ಜನ ಕರಪತ್ರಗಳಲ್ಲಿ ಹುಡುಕಿದರೆ ಸಿಗುತ್ತದೆ. ಇಂದು ಹುಡುಕಲಿಲ್ಲ.

ಜುಲೈ 20

ತೀಯ ಕೋರ್ಟಿಗೆ ಹೋಗುವುದಿಲ್ಲವಂತೆ. ಸೆಪ್ಟೆಂಬರ್ ಕೊನೆಗೆ ಬಿಟ್ಟುಕೊಡುತ್ತೇನೆ ಎಂದು ವಲಾದಸನಿಗೆ ಹೇಳಿಬಿಟ್ಟಿದ್ದಾರೆ. ಈ ಸಲ ಅವನು ಬಿಸ್ಕತ್ತು ತಂದಿರಲಿಲ್ಲ. ಪರಿಹಾರದ ಮಾತೂ ಎತ್ತಲಿಲ್ಲ.

ನಾನು ಕೂಗಾಡಿದೆ. ಹೋರಾಡದೆ ಬಿಟ್ಟುಕೊಡುವುದು ದ್ರೋಹ ಅಂದೆ. ಹೌದು, ಆ ಪದವನ್ನೇ ಬಳಸಿದೆ.

"ಕೂತ್ಕೋ," ಅಂದರು. "ಕೋರ್ಟಲ್ಲಿ ಏನು ಕೇಳ್ತಾರೆ? ನಾನು ಮಾರ್ತಿದ್ನಾ ಇಲ್ವಾ ಅಂತ. ಇಲ್ಲ ಅಂತೀನಿ. ಸಾಕ್ಷಿ ಯಾರು ಅಂತಾರೆ. ಇದಲೀನನ್ನ ಕರೀತಾರೆ. ಅವಳು ಬೈಬಲ್ ಮುಟ್ಟಿ ಏನು ಹೇಳ್ಬೇಕು? ಮಾರ್ತಿದ್ಲು ಅಂದ್ರೆ ನಾನು ಹೋದೆ. ಇಲ್ಲ ಅಂದ್ರೆ ಅವಳ ಮೇಜಿನ ಫೋಟೊ ತೋರಿಸ್ತಾರೆ. ಊರೆಲ್ಲ ಫೋಟೊ ತೆಗೆದಿದೆಯಲ್ಲ ನಮ್ದು. ಆಮೇಲೆ ಆಚೆ ಮನೆಯೋಳು, ಅದರಾಚೆಯೋಳು. ಒಂದು ಹೊಸ್ತಿಲು ಉಳ್ಸೋಕೆ ಹೋಗಿ ಆರು ಹೊಸ್ತಿಲು ಕಳ್ಕೋಬೇಕಾ?"

"ಎಲ್ಲರೂ ಒಟ್ಟಿಗೆ ನಿಂತ್ರೆ..."

"ನಿಂತಿದ್ವಿ ಮಗಳೇ. ಇಷ್ಟು ವರ್ಷ ಬಾಯಿ ಮುಚ್ಕೊಂಡು ಒಟ್ಟಿಗೇ ನಿಂತಿದ್ವಿ. ನಿಂಗೆ ಕಾಣ್ಲಿಲ್ಲ."

ಆಗಸ್ಟ್ 11

ತುಂಬಾ ಸೆಕೆ. ಲಾಂಡ್ರಿಯಲ್ಲಿ ಇಬ್ಬರು ತಲೆತಿರುಗಿ ಬಿದ್ದರು.

ತೀಯ ಲೋಟಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತುತ್ತಿದ್ದರು. ಕಾಗದ ಸಾಲಲಿಲ್ಲ. ಉಳಿದಿದ್ದ ಕರಪತ್ರಗಳನ್ನು ಕೊಟ್ಟೆ. ದಪ್ಪ ಕಾಗದ, ಚೆನ್ನಾಗಿ ಸುತ್ತಿಕೊಳ್ಳುತ್ತದೆ ಅಂದರು.

ಆಗಸ್ಟ್ 30

ಕಾಮಕಸ್ತೂರಿ ಒಣಗಿದೆ. ನನ್ನ ಮೂಗಿನಿಂದಲ್ಲ, ಪ್ರತಿ ವರ್ಷ ಆಗಸ್ಟಿನಲ್ಲಿ ಒಣಗುತ್ತದಂತೆ. ಹಾಗೆಂದು ತೀಯ ಹೇಳಿದರು.

ಸೆಪ್ಟೆಂಬರ್ 28, ಶನಿವಾರ

ಸಾಮಾನೆಲ್ಲ ಒಂದು ಸಣ್ಣ ವ್ಯಾನಿನಲ್ಲಿ ಹಿಡಿಸಿತು. ವ್ಯಾನು ಸಂದಿಗೆ ಬರುವುದಿಲ್ಲ. ಕೆಳಗಿನ ಬೀದಿಯವರೆಗೆ ಹೊತ್ತೊಯ್ಯಬೇಕು. ಇದಲೀನ ಬಾಗಿಲು ತೆರೆದು ಬಂದರು, ಹಾಸಿಗೆಯ ಇನ್ನೊಂದು ತುದಿ ಹಿಡಿದರು. ಉಳಿದ ಹೊಸ್ತಿಲುಗಳಿಂದಲೂ ಬಂದರು. ಎಲ್ಲ ಹೆಂಗಸರು, ಎಲ್ಲರಿಗೂ ಮಂಡಿ ನೋವು. ಮೇಲಿಂದ ಇಳಿಯುತ್ತಿದ್ದ ಪ್ರವಾಸಿಗಳು ಗೋಡೆಗೆ ಒತ್ತಿ ದಾರಿ ಬಿಟ್ಟರು. ಒಬ್ಬ ಯುವಕ ಕಪಾಟಿಗೆ ಕೈ ಕೊಟ್ಟ. ಅವನಿಗೆ ಏನಾಗುತ್ತಿದೆಯೆಂದು ಗೊತ್ತಿರಲಿಲ್ಲ. ಹಬ್ಬವೇನೋ ಅಂದುಕೊಂಡಿರಬೇಕು, ನಗುತ್ತಿದ್ದ.

ತೀಯ ಹೋಗುತ್ತಿರುವುದು ನದಿಯಾಚೆಯ ಬರ್ರೇರೊಗೆ, ತಾವು ಜ್ಞಾನಸ್ನಾನಕ್ಕೆ ಎತ್ತಿಕೊಂಡಿದ್ದ ಧರ್ಮಪುತ್ರಿಯ ಮನೆಗೆ. ನಾಲ್ಕನೇ ಮಹಡಿ. ಲಿಫ್ಟಿದೆ.

ಬೀಗದ ಕೈ ತೆಗೆದುಕೊಳ್ಳಲು ವಲಾದಸ್ ಬಂದಿದ್ದ. ತೀಯ ಹೊಸ್ತಿಲನ್ನು ಗುಡಿಸಿ, ನೀರು ಹಾಕಿ ಒರೆಸಿ, ಆಮೇಲೆ ಬೀಗದ ಕೈ ಕೊಟ್ಟರು. ಅವನು ತೊಳೆದ ಕಲ್ಲನ್ನು ತುಳಿಯದೆ ದಾಟಿ ಒಳಗೆ ಹೋದ. ಅವನನ್ನು ದ್ವೇಷಿಸುವುದು ನನಗೆ ಸುಲಭ. ಇಂದು ಯಾಕೋ ಬರಲಿಲ್ಲ, ದಣಿವು ಇರಬೇಕು.

ನಾನು ಲಾಂಡ್ರಿಯ ಇಬ್ಬರು ಹುಡುಗಿಯರ ಜೊತೆ ಊರಾಚೆ ಒಂದು ಕೋಣೆ ಹಿಡಿದಿದ್ದೇನೆ. ನನ್ನ ಸೂಟ್‌ಕೇಸಿನ ಗಾಲಿಯೂ ಮೆಟ್ಟಿಲ ಮೇಲೆ ಟಕಟಕ ಅನ್ನುತ್ತದೆ. ಅರ್ಧ ದಾರಿಯ ನಂತರ ಎತ್ತಿಕೊಂಡೇ ಇಳಿದೆ.

ಅಕ್ಟೋಬರ್ 22, ಮಂಗಳವಾರ

ಹೊಸ ಗಿರಾಕಿಯ ಕಟ್ಟು ಬಂದಿತ್ತು. ಚೀಟಿಯಲ್ಲಿ ನಮ್ಮ ಸಂದಿಯ ಹೆಸರು, ಮನೆಯ ಸಂಖ್ಯೆ, ನೆಲಮಹಡಿ.

ಬಿಳಿ ಬೆಡ್‌ಶೀಟು, ಹೊಚ್ಚ ಹೊಸದು. ಎರಡು ಜೊತೆ. ಹಿಂದಿನ ಕೋಣೆಯಲ್ಲೂ ಮಂಚ ಹಾಕಿರಬೇಕು.

ನಾನೇ ಇಸ್ತ್ರಿ ಮಾಡಿದೆ. ನಾಲ್ಕು ಮೂಲೆಯೂ ಸೇರುವಂತೆ ಮಡಚಿದೆ. ಒಂದು ಸೊಟ್ಟಗೆ ಕಂಡಿತು, ಬಿಚ್ಚಿ ಮತ್ತೆ ಮಡಚಿದೆ. ನಡುವೆ ಏನೂ ಇಡಲಿಲ್ಲ.

ಯಜಮಾನ ನೋಡಿ, "ಈಗ ಕೆಲ್ಸ ಕಲ್ತೆ ನೋಡು," ಅಂದ.

ನವೆಂಬರ್ 7, ಗುರುವಾರ

ತೀಯ ಫೋನು ಮಾಡಿದ್ದರು. ಆರು ವಾರದಲ್ಲಿ ನಾನು ಒಮ್ಮೆಯೂ ಮಾಡಿರಲಿಲ್ಲ. ಕೆಲಸ ಹೆಚ್ಚಿತ್ತು.

"ಏನೇ, ಬದುಕಿದೀಯಾ?"

"ಹೂಂ ತೀಯ. ನಿಮ್ಮ ಮಂಡಿ ಹೇಗಿದೆ?"

"ಮಂಡಿಗೇನು, ಲಿಫ್ಟಲ್ಲಿ ಹತ್ತೋದು ಇಳಿಯೋದು, ಅದಕ್ಕೆ ಕೆಲ್ಸಾನೇ ಇಲ್ಲ. ಇಲ್ಲಿ ಕಿಟಕಿ ತೆಗೆದ್ರೆ ಇನ್ನೊಂದು ಕಿಟಕಿ. ಯಾರೂ ಜಗಳ ಆಡೋಕೂ ಸಿಗಲ್ಲ. ನಿನ್ನೆ ಇದಲೀನ ಫೋನ್ ಮಾಡಿದ್ಲು. ಮತ್ತೆ ಮೇಜು ಹಾಕಿದಾಳಂತೆ. ಎಲ್ಲರೂ ಹಾಕಿದಾರಂತೆ. ನನ್ನ ಹೊಸ್ತಿಲಲ್ಲಿ ಒಂದು ಪ್ಲಾಸ್ಟಿಕ್ ಗಿಡ ಇಟ್ಟಿದಾರಂತೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಹೇಳಬೇಕಾದದ್ದು ಇತ್ತು.

"ಕೇಳು. ನಂಗೆ ಲಿಸ್ಬನ್ ನೋಡ್ಬೇಕು," ಅಂದರು. "ಇಷ್ಟು ವರ್ಷ ಅಲ್ಲೇ ಇದ್ದೆ, ನೋಡೇ ಇಲ್ಲ. ಈಗ ಪರದೇಶಿಗಳ ಹಾಗೆ ದೋಣೀಲಿ ಬರ್ತೀನಿ. ಕೋಟೆ ಹತ್ತೋಣ."

"ನಿಮಗೆ ಈಗ ಟಿಕೆಟ್ ತಗೋಬೇಕಾಗತ್ತೆ ತೀಯ. ವಿಳಾಸ ಬೇರೆ ಆಯ್ತಲ್ಲ."

"ತಗೊಳ್ಳೋಣ. ನೀನು ತೆಗೆಸ್ಕೊಡು," ಅಂದರು. "ಆಮೇಲೆ ಕೆಳಗಿಳಿದು ಇದಲೀನಳ ಹೊಸ್ತಿಲಲ್ಲಿ ಒಂದೊಂದು ಲೋಟ ಕುಡಿಯೋಣ. ಕುಡಿದು ತಟ್ಟೇಲಿ ಇಡು. ಎಷ್ಟು ಅಂತ ಮಾತ್ರ ಕೇಳ್ಬೇಡ."

"ಕೇಳಲ್ಲ."

"ಮುಖ ಹುಳ್ಳಗೆ ಮಾಡ್ಕೊಂಡು ನಗ್ಬೇಕು. ಅವರೆಲ್ಲ ಹಾಗೇ ಮಾಡೋದು."

ಭಾನುವಾರ, ಹತ್ತನೇ ತಾರೀಕು. ಬೆಳಿಗ್ಗೆ ಹತ್ತೂವರೆ. ಬರ್ರೇರೊ ದೋಣಿ ಬಂದು ನಿಲ್ಲುವ ಕಟ್ಟೆಯ ಗೇಟಿನ ಬಳಿ.